ಎಣ್ಣೆ ಸ್ನಾನದ ತಲೆಸುತ್ತು

ಮಕ್ಕಳಿಗೆ ಏನು ನೋಯುತ್ತದೆ ಎಂದು ಮಕ್ಕಳನ್ನೇ ಕೇಳಬೇಕು. ಡಾಕ್ಟರನ್ನಲ್ಲ, ಅಪ್ಪ ಅಮ್ಮನನ್ನಲ್ಲ, ಮೇಷ್ಟ್ರನ್ನಂತೂ ಅಲ್ಲವೇ ಅಲ್ಲ. ನಾನು ಸೇರಿಕೊಂಡಿದ್ದ ಅಧ್ಯಯನದ ಮೊದಲ ನಿಯಮ ಇದು. ಹಲವು ದೇಶಗಳ ಹದಿಹರೆಯದ ಮಕ್ಕಳಿಗೆ ಒಂದೇ ಪ್ರಶ್ನೆಗಳನ್ನು ಕೊಡುತ್ತಾರೆ. ಕಳೆದ ಆರು ತಿಂಗಳಲ್ಲಿ ತಲೆನೋವು ಎಷ್ಟು ಸಲ ಬಂತು? ಹೊಟ್ಟೆನೋವು? ಬೆನ್ನುನೋವು, ತಲೆಸುತ್ತು, ನಿದ್ದೆ ಬಾರದಿರುವುದು, ಬೇಸರ, ಸಿಡುಕು, ಎದೆಯಲ್ಲಿ ಪುಕುಪುಕು? ದಿನವೂ ಬರುತ್ತದೋ, ವಾರಕ್ಕೊಮ್ಮೆಯೋ, ತಿಂಗಳಿಗೊಮ್ಮೆಯೋ, ಅಪರೂಪವೋ ಎಂದು ಮಗು ತಾನೇ ಗುರುತು ಹಾಕಬೇಕು. ಕೆಲವು ವರ್ಷ ಬಿಟ್ಟು ಮತ್ತೆ ಅದನ್ನೇ ಕೇಳಿ, ಯಾವ ದೇಶದಲ್ಲಿ ಏರಿದೆ, ಎಲ್ಲಿ ಇಳಿದಿದೆ ಎಂದು ಗೆರೆ ಎಳೆಯುತ್ತಾರೆ. ಎಷ್ಟೋ ಕಡೆ ಆ ಗೆರೆ ಮೇಲಕ್ಕೇ ಹೋಗುತ್ತಿದೆ, ಹುಡುಗಿಯರದು ಇನ್ನೂ ಕಡಿದಾಗಿ. ನಮ್ಮ ಕಡೆಯ ಮಕ್ಕಳ ಗೆರೆ ಎಲ್ಲಿ ನಿಲ್ಲುತ್ತದೆ ನೋಡೋಣ ಎಂದು ಶುರುವಾದ ಕೆಲಸದಲ್ಲಿ ಬಂಗಾರಪೇಟೆ ಮತ್ತು ಕೆಜಿಎಫ್ ಭಾಗ ನನ್ನ ತಲೆಗೆ ಬಿದ್ದಿತ್ತು.

ದೊಡ್ಡ ಸಮೀಕ್ಷೆಗೆ ಮೊದಲು ಮಾತಿನ ಪರೀಕ್ಷೆ ಆಗಬೇಕು. ಪ್ರಶ್ನೆಯನ್ನು ಕನ್ನಡ, ತಮಿಳು, ತೆಲುಗಿಗೆ ತಂದು, ಬೇರೆಯವರ ಕೈಯಲ್ಲಿ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಎರಡೂ ಹೊಂದುತ್ತವೆಯೇ ಎಂದು ನೋಡಿ ಆಗಿತ್ತು. ಆಮೇಲೆ ಕೆಲವು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಗುರುತು ಹಾಕುವಾಗ ತಲೆಯಲ್ಲಿ ಓಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳಿಸಬೇಕು. ಮಗುವಿನ ಹೆಸರು ನಮಗೆ ಬೇಡ, ಮೇಜಿನ ಮೇಲೆ ಒಂದು ನಂಬರಿನ ಚೀಟಿ ಇದ್ದರೆ ಸಾಕು. ತಂದೆ ತಾಯಿಯ ಒಪ್ಪಿಗೆ ಪತ್ರ ಶಾಲೆಯ ಬೀರುವಿನಲ್ಲೇ ಇರುತ್ತದೆ. "ನೀನು ಹೇಳಿದ್ದು ಈ ಕೋಣೆ ದಾಟುವುದಿಲ್ಲ" ಎಂದು ಪ್ರತಿ ಮಗುವಿಗೂ ಮೊದಲೇ ಮಾತು ಕೊಡಬೇಕು. ಈ ಮಾತು ಕೊಟ್ಟು ಕೊಟ್ಟು ನನಗೆ ಬಾಯಿಪಾಠವಾಗಿ ಹೋಗಿತ್ತು.

ದೀಪಾವಳಿ ರಜೆ ಶುರುವಾಗುವುದಕ್ಕೆ ಮುಂಚಿನ ದಿನ ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕೂತಿದ್ದೆ. ಮಕ್ಕಳ ಮನಸ್ಸೆಲ್ಲ ಪಟಾಕಿಯ ಮೇಲೆ. ಕೊನೆಗೆ ಬಂದವಳು ಒಂಬತ್ತನೇ ಕ್ಲಾಸಿನ ಗಟ್ಟಿಮುಟ್ಟಾದ ಹುಡುಗಿ. ಎರಡೂ ಮೊಣಕೈ ತರಚಿದ್ದವು. ಕೂರುವ ಮೊದಲೇ, ತಾನು ಕಬಡ್ಡಿ ಆಡುವವಳು, ಹಬ್ಬ ಆದ ಮೇಲೆ ಕೋಲಾರದಲ್ಲಿ ಸೆಲೆಕ್ಷನ್ ಇದೆ ಎಂದು ಹೇಳಿಬಿಟ್ಟಳು. ತಲೆಸುತ್ತಿನ ಪ್ರಶ್ನೆಗೆ "ಅಪರೂಪ ಅಥವಾ ಇಲ್ಲವೇ ಇಲ್ಲ" ಎಂದು ಗುರುತು ಹಾಕಿದಳು.

"ಇದನ್ನೇ ಯಾಕೆ ಆರಿಸಿದೆ? ಏನು ಯೋಚನೆ ಮಾಡಿದೆ, ಹೇಳು ನೋಡೋಣ" ಎಂದೆ.

"ಬತ್ತದೆ ಮಿಸ್. ಆದ್ರೆ ಅದು ಲೆಕ್ಕಕ್ಕಿಲ್ಲ."

"ಯಾಕೆ ಲೆಕ್ಕಕ್ಕಿಲ್ಲ?"

"ಎಣ್ಣೆ ಸ್ನಾನ ಮಾಡ್ದಾಗ ಬರೋದಲ್ವಾ? ಎಲ್ರಿಗೂ ಬತ್ತದೆ. ನಮ್ಮಮ್ಮಂಗೂ ಬತ್ತದೆ. ಒಸಿ ತಲೆ ನೋಯ್ತದೆ, ವಾಂತಿ ಬಂದಂಗಾಯ್ತದೆ. ಬಾಗ್ಲು ತೆಗ್ದು ಈಚಿಗ್ ಬಂದ್ರೆ ಸರೋಯ್ತದೆ."

ನನಗೆ ಖುಷಿಯೋ ಖುಷಿ. ಇಂಥದ್ದು ಸಿಗಲಿ ಎಂದೇ ಈ ಪರೀಕ್ಷೆ ಮಾಡುವುದು. ಸ್ನಾನದ ತಲೆಸುತ್ತನ್ನು ನಮ್ಮ ಜನ ತೊಂದರೆ ಎಂದೇ ಎಣಿಸುವುದಿಲ್ಲ, ಅದಕ್ಕೇ ನಮ್ಮ ಕಡೆ ಈ ಉತ್ತರ ಕಡಿಮೆ ಬರಬಹುದು ಎಂದು ಬರೆದುಕೊಂಡೆ. ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಎಣ್ಣೆ ನೀರು ಹಾಕಿಕೊಂಡವರು ಜೋಲಿ ಹೊಡೆಯುತ್ತ ಬಂದು, ಕಂಬಳಿ ಹೊದ್ದು ಮಲಗುವುದು ಇದ್ದದ್ದೇ. ಬಚ್ಚಲು ಹೇಗಿದೆ ಎಂದು ಸುಮ್ಮನೆ ಮಾತಿಗೆ ಕೇಳಿದೆ. ಮನೆಯಲ್ಲಿ ಹೊಸದಾಗಿ ಗ್ಯಾಸ್ ಗೀಸರ್ ಹಾಕಿಸಿದ್ದಾರೆ, ಚಿನ್ನದ ಗಣಿಯ ಹಳೆಯ ಪುಡಿಮಣ್ಣು ಪೇರಿಸಿದ ಸೈನೈಡ್ ಗುಡ್ಡದ ಧೂಳು ಬರುತ್ತದೆ ಎಂದು ಕಿಟಕಿಗೆ ಫ್ಲೆಕ್ಸ್ ಹೊಡೆದಿದ್ದಾರೆ, ಅಜ್ಜಿಗಂತೂ ಬಿಸಿನೀರೆಂದರೆ ಪ್ರಾಣ ಎಂದಳು. ಎದ್ದು ಹೋಗುವಾಗ ದನಿ ತಗ್ಗಿಸಿದಳು.

"ಓದ್ ಶುಕ್ರವಾರ ಬಚ್ಚಲಲ್ಲೇ ಬಿದ್ಬುಟ್ಟೆ ಮಿಸ್. ಒಸಿ ಒತ್ತು ಏನೂ ಗೊತ್ತಾಗ್ಲಿಲ್ಲ. ಅಮ್ಮಂಗೆ ಏಳಿಲ್ಲ. ಏಳುದ್ರೆ ಸೆಲೆಕ್ಷನ್‌ಗೆ ಕಳ್ಸಲ್ಲ. ನೀವೂ ಏಳ್ಬೇಡಿ."

"ಈ ಕೋಣೆ ದಾಟುವುದಿಲ್ಲಮ್ಮ" ಎಂದೆ. ಬಾಯಿಪಾಠ ತಾನೆ, ಸಲೀಸಾಗಿ ಬಂತು.

ಎರಡು ದಿನ ಬಿಟ್ಟು ನೀರು ತುಂಬುವ ಹಬ್ಬ. ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಎಲ್ಲರಿಗೂ ಎಣ್ಣೆ ಸ್ನಾನ. ಬಂಗಾರಪೇಟೆಯ ನಮ್ಮ ಮನೆಯಲ್ಲಿ ಅತ್ತೆ ಹುಣಸೆಹಣ್ಣು ಹಚ್ಚಿ ಹಂಡೆ ಉಜ್ಜಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಿದ್ದರು. ನಾನು ಬಚ್ಚಲ ಬಾಗಿಲಲ್ಲಿ ಕೂತು ಮಕ್ಕಳ ಮಾತುಗಳನ್ನು ಲ್ಯಾಪ್‌ಟಾಪಿಗೆ ಏರಿಸುತ್ತಿದ್ದೆ. ಸಂಜೆಯೊಳಗೆ ಕಳಿಸಬೇಕಿತ್ತು.

"ನಾಳೀಕೆ ನೀರಾಕ್ಕಂಡ್ಮ್ಯಾಲೆ ಲ್ಯಾಪ್‌ಟಾಪು ಅಂತ ಕೂತ್ಕಬೇಡ" ಎಂದರು ಅತ್ತೆ. "ತಲೆ ಸುತ್ತತದೆ. ಬೆವ್ರು ಬರೋಗಂಟ ಮಲ್ಕೊ."

"ಈ ಬಚ್ಚಲೊಲೆಯ ಹೊಗೆಯಲ್ಲಿ ತಲೆ ಸುತ್ತದೆ ಇನ್ನೇನು ಮಾಡುತ್ತೆ ಅತ್ತೆ?"

"ಒಗೆ ಎಲ್ಲೈತೆ? ಎಂಚಿನ ಸಂದೀಲಿ ಈಚಿಗೋಯ್ತದೆ. ಇಲ್ದಿದ್ರೆ ಇಷ್ಟೊತ್ಗೆ ನಮ್ಮನ್ನೆಲ್ಲ ಒತ್ಕಂಡೋಗಿರೋರು" ಎಂದು ನಕ್ಕರು.

ನಗುತ್ತಲೇ ಇದ್ದವಳು ಟೈಪ್ ಮಾಡುವುದನ್ನು ನಿಲ್ಲಿಸಿದೆ. ನಮ್ಮ ಹೊಗೆ ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತದೆ. ಆ ಮನೆಯ ಉರಿಯ ಗಾಳಿ ಎಲ್ಲಿ ಹೋಗುತ್ತದೆ? ಕಿಟಕಿಗೆ ಫ್ಲೆಕ್ಸ್ ಇದೆಯಲ್ಲ! ಹುಡುಗಿಯ ಮಾತನ್ನು ಮತ್ತೆ ಓದಿದೆ. ತಲೆ ನೋವು, ವಾಂತಿ ಬಂದ ಹಾಗೆ, ಬಾಗಿಲು ತೆಗೆದು ಆಚೆ ಬಂದರೆ ಸರಿಹೋಗುತ್ತದೆ. ತಾಯಿಗೂ ಹಾಗೇ. ಇದು ಎಣ್ಣೆಯದಲ್ಲ, ಬಿಸಿನೀರಿನದಲ್ಲ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿದರೆ ವಿಷಗಾಳಿ ತುಂಬುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗೀಸರಿನ ಬಚ್ಚಲಲ್ಲಿ ಸತ್ತವರ ಸುದ್ದಿ ಪೇಪರಿನಲ್ಲಿ ಎಷ್ಟು ಸಲ ಓದಿ "ಅಯ್ಯೋ ಪಾಪ" ಎಂದು ಪುಟ ತಿರುಗಿಸಿಲ್ಲ? ಅದೇ ಸುದ್ದಿ ಆ ಹುಡುಗಿ ನನ್ನೆದುರು ಕೂತು ಬಾಯಿಬಿಟ್ಟು ಹೇಳಿದ್ದಳು. ನಾನು ಪದ ಸರಿಯಿದೆಯೇ ಎಂದು ನೋಡುತ್ತ ಕೂತಿದ್ದೆ, ಮಹಾ ಜಾಣೆ.

ನಾಳೆ ಬೆಳಗಿನ ಜಾವ ಆ ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಅದೇ ಬಚ್ಚಲಿಗೆ ಹೋಗುತ್ತಾರೆ. ಗೀಸರ್ ಆರುವುದೇ ಇಲ್ಲ. ಒಳಗಿನ ಗಾಳಿ ಬದಲಾಗುವುದೇ ಇಲ್ಲ. ನಾನು ಮೊದಲೇ ಪುಕ್ಕಲಿ, ಹಲ್ಲಿ ಲೊಚಗುಟ್ಟಿದರೂ ಬೆಚ್ಚುವವಳು.

ಹುಡುಗಿಯ ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ. ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಹಬ್ಬಕ್ಕೆ ಊರಿಗೆ ಹೋಗಿದ್ದಾರೆ. ಬೆಂಗಳೂರಿನಲ್ಲಿದ್ದ ನಮ್ಮ ತಂಡದ ಮುಖ್ಯಸ್ಥೆಗೆ ಮಾಡಿದೆ. ಪೂರ್ತಿ ಕೇಳಿಸಿಕೊಂಡರು, ಪುಣ್ಯ.

"ಎಣ್ಣೆ ಸ್ನಾನ ಮಾಡಿದರೆ ನನಗೂ ತಲೆ ಸುತ್ತುತ್ತೆ ಕಣಮ್ಮ. ಖಚಿತವಾಗಿ ಹೇಳಬಲ್ಲೆಯಾ?" ಎಂದರು.

"ಇಲ್ಲ ಮೇಡಂ. ಆದರೆ ಭಯ ಆಗ್ತಿದೆ."

"ಆ ಮಗು ಗುಟ್ಟಾಗಿರಲಿ ಅಂದಿದೆ, ನೀನು ಆಗಲಿ ಅಂದಿದ್ದೀಯ. ಈಗ ಅವಳ ಮನೆ ಹುಡುಕಿಕೊಂಡು ಹೋಗಿ ತಾಯಿಗೆ ಹೇಳಿದರೆ, ಆ ಶಾಲೆಯಲ್ಲಿ ಇನ್ನೊಂದು ಮಗು ನಮ್ಮ ಹತ್ತಿರ ನಿಜ ಹೇಳುತ್ತಾ? ಜೀವಕ್ಕೆ ಅಪಾಯ ಇದ್ದರೆ ಗುಟ್ಟು ಮುರಿಯಬಹುದು, ನಿಯಮದಲ್ಲಿದೆ. ಆದರೆ ಅಧ್ಯಯನದ ನೀತಿ ಸಮಿತಿಯನ್ನು ಕೇಳಬೇಕು. ಈಗಲೇ ಮೇಲ್ ಹಾಕ್ತೀನಿ. ಹಬ್ಬದ ದಿನ, ಯಾರು ಯಾವಾಗ ನೋಡ್ತಾರೋ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಕಷ್ಟ. ಅತ್ತ ದರಿ ಇತ್ತ ಪುಲಿ. ಹೇಳಿದರೆ ಹುಡುಗಿಗೆ ಕೊಟ್ಟ ಮಾತು ಹೋಗುತ್ತದೆ, ಅವಳ ಕಬಡ್ಡಿಯೂ ಹೋಗುತ್ತದೆ. ಹೇಳದಿದ್ದರೆ ಅವಳೇ ಹೋಗಬಹುದು. ಫೋನ್ ಹಿಡಿದುಕೊಂಡು ಹಿತ್ತಲಲ್ಲಿ ಹಿಂದೆ ಮುಂದೆ ತಿರುಗಿದೆ. ನನ್ನ ಭಯ ಬರೀ ಭಯವೇ ಆಗಿದ್ದರೆ? ಹಬ್ಬದ ಸಂಜೆ ಯಾರದೋ ಮನೆಗೆ ನುಗ್ಗಿ ಸಾವಿನ ಮಾತಾಡಿದರೆ ಚಪ್ಪಲಿ ತೆಗೆದುಕೊಂಡು ಹೊಡೆಯುತ್ತಾರೆ. ಆದರೆ ಭಯ ನಿಜವಾಗಿದ್ದರೆ? ಕೈಗೆ ಹತ್ತಿದ ಹಂಡೆಯ ಮಸಿ ಒರೆಸುತ್ತ ಅತ್ತೆ ನನ್ನನ್ನೇ ನೋಡುತ್ತಿದ್ದರು.

"ಏನಾಯ್ತೇ? ಮಕ ಬೆಳ್ಳಗಾಗೈತೆ."

ಹೆಸರಿಲ್ಲದೆ, ಯಾರ ಮಗಳು ಎನ್ನದೆ, ವಿಷಯ ಹೇಳಿದೆ. ಅತ್ತೆಗೆ ಗುಟ್ಟು, ಸಮಿತಿ, ನಿಯಮ ಒಂದೂ ತಲೆಗೆ ಹೋಗಲಿಲ್ಲ.

"ಆ ಕೇರೀಗೆಲ್ಲ ಏಳಿ ಬಾ ಓಗು. ಒಬ್ಬರ ಮನೆಗೇ ಯಾಕೋಗ್ತೀಯ?" ಎಂದರು.

ನಾನು ಹುಡುಗಿಯನ್ನು ಹುಡುಕುವುದು ಹೇಗೆ ಎಂದೇ ಒದ್ದಾಡುತ್ತಿದ್ದೆ. ಹುಡುಕಲೇಬೇಕಾಗಿಲ್ಲ! ಯಾರ ಮನೆ ಎಂದು ಗೊತ್ತಾಗುವುದೇ ಬೇಡ. ಶಾಲೆಯ ಹತ್ತಿರದ ಗುಡ್ಡದ ಧೂಳು ಬೀಳುವ, ಗಣಿ ಕಾರ್ಮಿಕರ ಲೈನ್ ಮನೆಗಳಿಗೆಲ್ಲ ಹೋಗಿ, ಗ್ಯಾಸ್ ಗೀಸರ್ ಇರುವವರಿಗೆಲ್ಲ ಒಂದೇ ಮಾತು ಹೇಳಿದರಾಯಿತು. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ವರದಿಯನ್ನು ಅರ್ಧಕ್ಕೇ ಬಿಟ್ಟು ಸ್ಕೂಟರ್ ತೆಗೆದೆ.

ಕೆಜಿಎಫ್ ದಾರಿಯುದ್ದಕ್ಕೂ ಪಟಾಕಿ ಢಂ ಎಂದಾಗಲೆಲ್ಲ ಹ್ಯಾಂಡಲ್ ಅಲ್ಲಾಡುತ್ತಿತ್ತು. ರಾಬರ್ಟ್‌ಸನ್‌ಪೇಟೆಯ ಅಂಗಡಿ ಬೀದಿಯಲ್ಲಿ ಜನವೋ ಜನ, ಸ್ಕೂಟರನ್ನು ತಳ್ಳಿಕೊಂಡೇ ದಾಟಿದೆ. ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಹೊತ್ತು ಮುಳುಗುವುದರಲ್ಲಿತ್ತು. ಗಾಳಿಗೆ ಬೂದು ಪುಡಿ ಎದ್ದು ಕಣ್ಣಿಗೆ, ಹಲ್ಲಿಗೆ ಸಿಕ್ಕುತ್ತಿತ್ತು. ಸಾಲು ಸಾಲು ತಗಡಿನ ಮನೆಗಳು. ಪ್ರತಿ ಮನೆಯ ಮುಂದೂ ಮೂಲೆಯಲ್ಲಿ ಒಂದು ಚಿಕ್ಕ ಬಚ್ಚಲು, ಎಷ್ಟೋ ಬಚ್ಚಲ ಕಿಟಕಿಗೆ ಗೋಣಿ, ರಟ್ಟು, ಫ್ಲೆಕ್ಸ್. ಒಂದಲ್ಲ ಎರಡಲ್ಲ.

ಮೊದಲ ಬಾಗಿಲಲ್ಲೇ ಆಟೊ ಒರೆಸುತ್ತಿದ್ದ ಒಬ್ಬಾತ ತಡೆದ. "ಎನ್ನಮ್ಮಾ, ಗ್ಯಾಸ್ ಕಂಪನಿಯಾ?"

"ಅಲ್ಲಣ್ಣ. ಗೀಸರ್ ಹಾಕಿದ್ರೆ ಕಿಟಕಿ ತೆಗೆದಿಡಿ ಅಂತ ಹೇಳೋಕೆ ಬಂದೆ. ಮುಚ್ಚಿದ್ರೆ ವಿಷಗಾಳಿ ತುಂಬುತ್ತೆ. ನೀರನ್ನ ಮೊದಲೇ ಬಕೆಟ್‌ಗೆ ಹಿಡಿದು, ಗೀಸರ್ ಆರಿಸಿ, ಆಮೇಲೆ ಸ್ನಾನ ಮಾಡಿ."

"ಅಬ್ಬದ್ ದಿನ ಇದೊಂದು ಬಾಕಿ ಇತ್ತು" ಎಂದು ನಕ್ಕ. ಆದರೂ ಹೆಂಡತಿಯನ್ನು ಕರೆದು ತಮಿಳಿನಲ್ಲಿ ಅದನ್ನೇ ಹೇಳಿದ. ಮುಂದಿನ ಮನೆಯವರು ಏನು ಮಾರುತ್ತೀಯ ಎಂದು ಕೇಳಿದರು. ಇನ್ನೊಂದು ಮನೆಯ ಮುದುಕಿ "ಬಿಡ್ತು ಅನ್ನು, ಒಸಿಲ ಮ್ಯಾಲೆ ನಿಂತ್ಕಂಡು ಸಾಯೋ ಮಾತಾಡ್ತೀಯಾ?" ಎಂದು ಗದರಿದಳು. ಬಿಡ್ತು ಎಂದೆ, ಆದರೆ ಕಿಟಕಿ ತೆಗೀರಿ ಎಂದೆ. ಒಂದು ಮನೆಯಾಕೆ ಮಾತ್ರ ಸುಮ್ಮನೆ ಎದ್ದು ಹೋಗಿ ರಟ್ಟನ್ನು ಕಿತ್ತು ಬಿಸಾಕಿದಳು. ನನಗೆ ಅವಳ ಕಾಲಿಗೆ ಬೀಳೋಣ ಅನ್ನಿಸಿತು.

ಮೂರನೇ ಸಾಲಿನ ಕೊನೆಯ ಮನೆಯ ಹತ್ತಿರ ಹೋಗುವಾಗಲೇ ಗೀಸರ್ ಉರಿಯುವ ಭರ್ರೋ ಶಬ್ದ ಕೇಳಿಸಿತು. ಬಚ್ಚಲ ಕಿಟಕಿಗೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್, ನಾಲ್ಕೂ ಕಡೆ ಮೊಳೆ. ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಾಕೆ ತಲೆಯೆತ್ತಿದಳು. ಅವಳ ಹಿಂದೆ ಹಣತೆಯ ತಟ್ಟೆ ಹಿಡಿದು ಬಂದವಳನ್ನು ನೋಡಿದೆ. ಅದೇ ತರಚಿದ ಮೊಣಕೈ. ನನ್ನನ್ನು ಕಂಡದ್ದೇ ಹುಡುಗಿಯ ಮುಖ ಬಾಡಿಹೋಯಿತು. ನಾನು ಚಾಡಿ ಹೇಳಲು ಬಂದೆ ಎಂದೇ ತಿಳಿದಳು. ಗುರುತೇ ಇಲ್ಲದವಳ ಹಾಗೆ ಕಣ್ಣು ತಪ್ಪಿಸಿ ತಾಯಿಗೆ ನನ್ನ ಮಾತು ಒಪ್ಪಿಸಿದೆ.

"ಕಿಟಕಿ ತೆಗ್ಯಕ್ಕಾಗಾಕಿಲ್ಲ ಕಣಕ್ಕ" ಎಂದಳು ತಾಯಿ, ಬಂಗಾರಪೇಟೆ ಕಡೆಯ ಹಳ್ಳಿಯ ಮಾತಿನಲ್ಲಿ. "ಧೂಳು ಒಂದ್ಕಡೆಗಿರ್ಲಿ, ಬೀದೀಲಿ ಕುಡ್ದೋರು ಓಡಾಡ್ತಾರೆ. ಬೆಳೆದ್ ಮಗ್ಳವ್ಳೆ ಮನೇಲಿ."

"ಈಗ ಒಳಗೆ ಯಾರಿದ್ದಾರೆ?"

"ನಮ್ಮತ್ತೆ. ಬೆಳಗಿನ ಜಾವ ಚಳಿ ತಡೀಯಾಕಿಲ್ಲ ಅಂತ ಈಗ್ಲೇ ಎಣ್ಣೆ ನೀರಾಕ್ಕಂತಾವ್ರೆ. ಅವ್ರು ಓದ್ರೆ ಬೇಗ ಈಚಿಗ್ ಬರಾಕಿಲ್ಲ."

"ಒಂದು ಸಲ ಕೂಗಿ ನೋಡಿ."

"ಸ್ನಾನ ಮಾಡೋರ್ನ ಏನಂತ ಕೂಗ್ಲಿ? ನಮಗೇನೂ ಆಗಿಲ್ಲಮ್ಮ. ಎಣ್ಣೆ ನೀರಾಕ್ಕಂಡ್ರೆ ಒಸಿ ತಲೆ ಸುತ್ತತದೆ, ಅದು ಯಾರ್ಗಿಲ್ಲ?" ಎಂದು ಮತ್ತೆ ರಂಗೋಲಿಗೆ ಬಗ್ಗಿದಳು.

ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಿಮ್ಮ ಮಗಳು ಬಿದ್ದಿದ್ದಳು! ಅಷ್ಟು ಹೇಳಿದರೆ ಮುಗಿಯುತ್ತಿತ್ತು. ಮಾತು ಕೊಟ್ಟಿದ್ದು ಹಾಳಾಗಲಿ, ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ತಟ್ಟೆ ಕೆಳಗಿಟ್ಟ ಸದ್ದಾಯಿತು.

"ಅಮ್ಮಾ, ನಾನ್ ಬಿದ್ದಿದ್ದೆ."

ತಾಯಿಯ ಕೈಯಲ್ಲಿ ರಂಗೋಲಿ ಪುಡಿ ಹಾಗೇ ನಿಂತಿತು. "ಎಲ್ಲಿ?"

"ಬಚ್ಚಲಲ್ಲಿ. ಓದ್ ಶುಕ್ರವಾರ. ಕಣ್ ಕತ್ಲೆ ಬಂದು ಬಿದ್ಬುಟ್ಟೆ. ನಿಂಗೇಳಿಲ್ಲ."

ಮೂವರೂ ಬಚ್ಚಲ ಕಡೆ ತಿರುಗಿದೆವು. ಗೀಸರಿನ ಭರ್ರೋ ಶಬ್ದ, ನಲ್ಲಿಯಿಂದ ನೀರು ಬೀಳುವ ಸದ್ದು. ಚೊಂಬಿನಿಂದ ಸುರಿದುಕೊಳ್ಳುವ ಸದ್ದಿಲ್ಲ.

"ಅತ್ತೇ!" ಎಂದು ತಾಯಿ ಕೂಗಿದಳು. "ಅತ್ತೇ, ಆಯ್ತಾ?" ಉತ್ತರವಿಲ್ಲ. ಬಾಗಿಲು ಬಡಿದಳು. ನಾನೂ ಬಡಿದೆ. ಒಳಗಿನಿಂದ ಚಿಲಕ. ಹುಡುಗಿ "ಅಜ್ಜೀ, ಅಜ್ಜೀ" ಎಂದು ಚೀರುತ್ತ ಓಡಿಹೋಗಿ ಕಿಟಕಿಯ ಫ್ಲೆಕ್ಸನ್ನು ಬರಿಗೈಯಲ್ಲಿ ಎಳೆದಳು. ಮೊಳೆ ಸಮೇತ ಕಿತ್ತು ಬಂತು. ಗಲಾಟೆ ಕೇಳಿ ಆಟೊದವನು ಓಡಿ ಬಂದ. "ಎನ್ನ ಆಚ್ಚು, ಏನಾಯ್ತು?" ಎಂದವನು ಉತ್ತರಕ್ಕೆ ಕಾಯದೆ ತಗಡಿನ ಬಾಗಿಲಿಗೆ ಒದ್ದ. ಎರಡನೇ ಒದೆತಕ್ಕೆ ಚಿಲಕ ಮುರಿಯಿತು.

ಅಜ್ಜಿ ಮಣೆಯ ಮೇಲೆ ಕೂತ ಹಾಗೇ ಗೋಡೆಗೆ ಒರಗಿದ್ದರು. ಗಲ್ಲ ಎದೆಗೆ ತಾಗಿತ್ತು. ಚೊಂಬು ಕಾಲಿನ ಹತ್ತಿರ ಉರುಳಿತ್ತು. ಉಸಿರು ಬಿಗಿಹಿಡಿದು ಒಳಗೆ ಹೋಗಿ ಗೀಸರ್ ಆರಿಸಿದೆ. ತಾಯಿ ಸೀರೆ ಹೊದಿಸಿದಳು. ಎಲ್ಲರೂ ಸೇರಿ ಅಂಗಳಕ್ಕೆ ಎಳೆದು ತಂದೆವು. ಎಣ್ಣೆಯ ಮೈ, ಹಿಡಿದರೆ ಜಾರುತ್ತಿತ್ತು. ಸತ್ತೇ ಹೋದರು ಅಂದುಕೊಂಡೆ. ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ, ಮುಂದೆ ಹೆದರುವುದೂ ಬೇಡ. ಹುಡುಗಿ ಅಜ್ಜಿಯ ಕೆನ್ನೆ ತಟ್ಟುತ್ತಲೇ ಇದ್ದಳು. ಎಷ್ಟು ಹೊತ್ತಾಯಿತೋ, ಅಜ್ಜಿಯ ಗಂಟಲಲ್ಲಿ ಗೊರಗೊರ ಎಂದು, ಒಂದು ಕಡೆ ವಾಲಿ ವಾಂತಿ ಮಾಡಿಕೊಂಡರು. ಆ ವಾಂತಿಗೆ ನಾನು ಕೈಮುಗಿದೆ.

ಆಟೊದಲ್ಲೇ ಸರ್ಕಾರಿ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಅಜ್ಜಿಯ ಕಣ್ಣು ಮುಚ್ಚಿದಾಗಲೆಲ್ಲ ಹುಡುಗಿ "ಅಜ್ಜೀ, ಮಲಿಕ್ಕಬೇಡ" ಎಂದು ಅಲುಗಾಡಿಸುತ್ತಿದ್ದಳು. ಅಲ್ಲಿ ತಕ್ಷಣ ಆಮ್ಲಜನಕ ಹಾಕಿದರು. ಡ್ಯೂಟಿ ಡಾಕ್ಟರು ನಾಡಿ ನೋಡಿ, ಮಾತಾಡಿಸಿ, ಉಳಿದುಕೊಳ್ಳುತ್ತಾರೆ, ರಾತ್ರಿ ಇಲ್ಲೇ ಇರಲಿ ಎಂದರು. ಆಮೇಲೆ ನಮ್ಮ ಕಡೆ ತಿರುಗಿ, "ಮನೇಲಿ ಇನ್ಯಾರಿಗಾದ್ರೂ ಹೀಗಾಗಿದೆಯಾ?" ಎಂದು ಕೇಳಿದರು.

ಹುಡುಗಿ ಕೈಯೆತ್ತಿದಳು, ಕ್ಲಾಸಿನಲ್ಲಿ ಎತ್ತುವ ಹಾಗೆ. ಅದನ್ನು ನೋಡಿ ತಾಯಿಯೂ ಬಾಯಿಬಿಟ್ಟಳು.

"ನಂಗೂ ಆಗ್ತಿತ್ತು ಸಾ. ಗೀಸರ್ ಆಕ್ದಾಗ್ನಿಂದಾನೂ. ಎಣ್ಣೆ ನೀರಲ್ವಾ ಅಂತ ಸುಮ್ಕಿದ್ದೆ."

ಮುಖ್ಯಸ್ಥೆಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಪ್ರಶ್ನೆಯ ಪಕ್ಕದಲ್ಲಿ ಸ್ನಾನದ ತಲೆಸುತ್ತನ್ನೂ ಸೇರಿಸಿ ಎಂದು ಬರೆಯೋಣವೇ ಎಂದೆ. ಬೇರೆ ದೇಶಗಳಲ್ಲಿ ಇಲ್ಲದ್ದನ್ನು ನಮ್ಮಲ್ಲಿ ಮಾತ್ರ ಸೇರಿಸಿದರೆ ಗೆರೆಗಳನ್ನು ಹೋಲಿಸಲಾಗುವುದಿಲ್ಲ, ಆದರೂ ಕೇಳಿ ನೋಡುತ್ತೇನೆ ಎಂದರು. ಇನ್ನು ಮೇಲೆ ಶಾಲೆ ಬಿಡುವ ಮುಂಚೆ ಎಲ್ಲ ಮಕ್ಕಳಿಗೂ ಗೀಸರಿನ ವಿಷಯ ಹೇಳಿಯೇ ಬರುತ್ತೇನೆ, ಅದಕ್ಕೆ ಯಾರನ್ನೂ ಕೇಳುವುದಿಲ್ಲ ಎಂದೆ. "ಕೇಳಬೇಡ" ಎಂದರು.

ವಾಪಸು ಬಂದಾಗ ತಾಯಿ ಮಗಳು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಫ್ಲೆಕ್ಸ್ ಎಳೆದಿದ್ದ ಹುಡುಗಿಯ ಅಂಗೈಗೆ ಪಟ್ಟಿ ಕಟ್ಟಿದ್ದರು. ನಾನು ಅವಳ ಇನ್ನೊಂದು ಪಕ್ಕದಲ್ಲಿ ಕುಸಿದೆ.

"ಯಾಕೇಳಿಲ್ಲ ನಂಗೆ?" ಎಂದಳು ತಾಯಿ.

"ಕಬಡ್ಡಿಗೆ ಕಳ್ಸಲ್ಲ ಅಂತ."

ತಾಯಿ ಅವಳ ಬೆನ್ನಿಗೆ ಪಟಾರನೆ ಒಂದು ಕೊಟ್ಟಳು. "ಕಬಡ್ಡಿ ಆಡಕ್ಕೆ ಜೀವ ಇರ್ಬೇಕಲ್ಲೇ! ಜೀವ ಇರ್ಬೇಕಲ್ಲೇ!" ಎಂದು ಇನ್ನೊಂದು ಕೊಡಲು ಎತ್ತಿದ ಕೈಯಲ್ಲೇ ಅವಳನ್ನು ಎಳೆದು ತಬ್ಬಿಕೊಂಡು ಅಳತೊಡಗಿದಳು. ಹುಡುಗಿಯೂ ಅತ್ತಳು. ಅತ್ತು ಮುಗಿದ ಮೇಲೆ ತಾಯಿ ಸೆರಗಿನಿಂದ ಮಗಳ ಮೂಗು ಒರೆಸಿ, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು.

"ಇನ್ನೇನ್ ಬಚ್ಚಿಟ್ಟಿದ್ದೀಯ? ಒಡಿಯಾಕಿಲ್ಲ, ನಂಗೇಳು."

ಹುಡುಗಿ ಅಂಗೈಯ ಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಇನ್ನೊಂದೈತಮ್ಮ" ಎಂದಳು.

ಅದು ನಾನು ಕೇಳಬೇಕಾದ ಮಾತಲ್ಲ. ಎದ್ದು ಹೊರಗೆ ಬಂದೆ.